ನಾರುಹುಣ್ಣು ನಾಡು ಬಿಟ್ಟ ಬಗೆ

ನಾರುಹುಣ್ಣು ಎಂಬ ಮಾತನ್ನು ಈಗಿನ ತರುಣರಲ್ಲಿ ಅನೇಕರು ಕೇಳಿಯೇ ಇರಲಾರರು. ಕೇಳದಿರುವುದು ಅವರ ಭಾಗ್ಯವೆಂದೇ ಹೇಳಬೇಕು. ಚಿತ್ರದುರ್ಗದ ಸೀಮೆಯಿಂದ ಮೊದಲ್ಗೊಂಡು ಉತ್ತರಕ್ಕೆ ಹಬ್ಬಿರುವ ಮಳೆ ಕಡಮೆಯ ಬಯಲುನಾಡಿನಲ್ಲಿ ಹುಟ್ಟಿ ಬೆಳೆದ ಹಿರಿಯರ ಮುಂದೆ ಆ ಹೆಸರನ್ನೆತ್ತಿದರೆ ಅವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಕಾಲಿನ ಹರಡಿನ ಬಳಿ ಒಂದು ಬೊಕ್ಕೆ ಏಳುತ್ತದೆ. ಅಲ್ಲಿ ಬೆಂಕಿಯಿಟ್ಟಂತೆ ಉರಿ. ಕೆಲವು ದಿನಗಳಲ್ಲಿ ಬೊಕ್ಕೆ ಒಡೆದು, ಒಳಗಿಂದ ಬಿಳಿಯ ನೂಲಿನೆಳೆಯಂತಹ ವಸ್ತುವೊಂದು ತುದಿ ತೋರುತ್ತದೆ. ಅದು ನೂಲಲ್ಲ, ನಾರಲ್ಲ, ನರವೂ ಅಲ್ಲ. ಒಂದೂವರೆ ಮೊಳದಿಂದ ಎರಡು ಮೊಳದವರೆಗೆ ಉದ್ದವಿರತಕ್ಕ, ಜೀವಂತವಾದ ಒಂದು ಹೆಣ್ಣು ಹುಳು.

ಹುಳು ತುದಿ ತೋರಿದ ಮೇಲೆ ಮಾಡುತ್ತಿದ್ದುದು ಒಂದೇ ಕೆಲಸ. ಅದನ್ನು ಮೆಲ್ಲಗೆ ಒಂದು ಕಡ್ಡಿಗೆ ಸುತ್ತಿ, ಪ್ರತಿದಿನವೂ ಬೆರಳಗಲದಷ್ಟು ಹೊರಕ್ಕೆಳೆದು, ಮತ್ತೆ ಸುತ್ತಿ ಕಟ್ಟುವುದು. ಅವಸರಪಟ್ಟು ಎಳೆದರೆ ಹುಳು ತುಂಡಾಗಿ, ಒಳಗುಳಿದ ಭಾಗದಿಂದ ಕೀವಾಗಿ, ಕಾಲೇ ಬಾತುಕೊಳ್ಳುತ್ತಿತ್ತು. ಕೀಲು ಹಿಡಿದು ಜನ್ಮವೆಲ್ಲ ಕುಂಟಿದವರೂ ಇದ್ದರು. ಹೀಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ರೋಗಿ ಜಗಲಿ ಹಿಡಿದು ಕೂಡಬೇಕು. ಸಾಯುವವರು ಕಡಮೆ. ಆದುದರಿಂದ ಮರಣದ ಲೆಕ್ಕವನ್ನೇ ಮುಖ್ಯವಾಗಿ ನೋಡುವ ಸರ್ಕಾರಗಳ ಕಣ್ಣಿಗೆ ಈ ರೋಗ ದೊಡ್ಡದಾಗಿ ಕಾಣಲಿಲ್ಲ. ಆದರೆ ನಮ್ಮ ಕಡೆ ಇದು ಬರುತ್ತಿದ್ದುದು ಬೇಸಗೆಯಲ್ಲಿ, ಮುಂಗಾರಿನ ಬಾಗಿಲಲ್ಲಿ. ಹೊಲ ಹಸನುಮಾಡಿ ಬಿತ್ತಬೇಕಾದ ಹೊತ್ತಿಗೆ ಮನೆಯಲ್ಲಿ ದುಡಿಯುವವರೆಲ್ಲ ಕಾಲು ಚಾಚಿ ಕುಳಿತರೆ ಆ ವರ್ಷದ ಬೆಳೆಯ ಗತಿಯೇನು? ಆಫ್ರಿಕಾ ಖಂಡದ ಮಾಲಿ ದೇಶದಲ್ಲಿ ಡೋಗನ್ ಜನರು ಇದನ್ನು ‘ಬರಿದಾದ ಕಣಜದ ರೋಗ’ ಎಂದು ಕರೆದರು. ವೈದ್ಯಗ್ರಂಥಗಳು ಕೊಟ್ಟಿರುವ ಹೆಸರುಗಳಿಗಿಂತ ಈ ಹೆಸರು ನಮಗೆ ಹೆಚ್ಚು ಅರ್ಥವತ್ತಾಗಿ ತೋರುತ್ತದೆ.

ಈ ರೋಗಕ್ಕೆ ಆಗಲೂ ಮದ್ದಿರಲಿಲ್ಲ, ಈಗಲೂ ಇಲ್ಲ. ತಡೆಯುವ ಲಸಿಕೆಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹೀಗಿದ್ದೂ 1996ನೆಯ ಇಸವಿಯ ಅನಂತರ ಭಾರತದಲ್ಲಿ ಒಬ್ಬನಿಗಾದರೂ ಇದು ಬಂದದ್ದಿಲ್ಲ. ಹೋದದ್ದು ಹೇಗೆ ಎಂಬುದನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯುಂಟು. ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡಿರುವುದು ಅದೇ. ರೋಗದ ಮೂಲ ವಿದ್ವಾಂಸರಿಗೆ 1870ರಲ್ಲಿಯೇ ತಿಳಿದಿತ್ತಾದರೆ, ಅದು ಹೋಗುವುದಕ್ಕೆ ನೂರಿಪ್ಪತ್ತಾರು ವರ್ಷ ಹಿಡಿದದ್ದೇಕೆ?

ಹುಳುವಿನ ಪ್ರಾಚೀನತೆಯ ವಿಚಾರವಾಗಿ ಬಹಳ ಹೇಳುವುದಕ್ಕೆ ಇದು ಸ್ಥಳವಲ್ಲ. 1975ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ವಿದ್ವಾಂಸರು ಈಜಿಪ್ಟಿನ ಒಬ್ಬ ಬಾಲೆಯ ಸಂರಕ್ಷಿತ ಶವವನ್ನು ಬಿಚ್ಚಿ ಪರೀಕ್ಷಿಸಿದಾಗ, ಅದರಲ್ಲಿ ಸುಣ್ಣಗಟ್ಟಿದ್ದ ಈ ಜಾತಿಯ ಹುಳು ಕಂಡಿತು. ನಮ್ಮ ವೈದ್ಯರಲ್ಲಿ ಭಾವಮಿಶ್ರನು ಇದನ್ನು ಸ್ನಾಯುಕವೆಂದು ವರ್ಣಿಸಿದ್ದಾನೆ. ಅರಬ್ಬೀ ವೈದ್ಯರು ಮದೀನಾದ ನರವೆಂದರು. ರೋಮಿನ ಪ್ರಖ್ಯಾತ ವೈದ್ಯ ಗ್ಯಾಲೆನನು ತಾನು ಇದನ್ನು ಕಣ್ಣಾರೆ ಕಂಡಿಲ್ಲವೆಂದು ಒಪ್ಪಿಕೊಂಡೂ ಇದಕ್ಕೊಂದು ಹೆಸರಿಟ್ಟನು. ನಾರು, ಸ್ನಾಯು, ನರ. ದೇಶದೇಶದ ಹೆಸರುಗಳಲ್ಲಿ ಒಂದೇ ಸಂದೇಹ ಅಡಗಿರುವುದನ್ನು ಶ್ರೋತೃಗಳು ಗಮನಿಸಬಹುದು. ದೇಹದೊಳಗಿನ ಏನೋ ಒಂದು ಕೆಟ್ಟು ಹೊರಬರುತ್ತಿದೆಯೆಂದು ಜನ ಭಾವಿಸಿದ್ದರೇ ಹೊರತು, ಹೊರಗಿನದು ಒಳಹೊಕ್ಕು ವರ್ಷವಿಡೀ ಬೆಳೆದು ಮರಳಿ ಹೊರಡುತ್ತಿದೆಯೆಂದು ತೋರುವುದಕ್ಕೆ ಆಧಾರವೇ ಇರಲಿಲ್ಲ. ಇಂದು ಕುಡಿದ ನೀರಿಗೆ ಬರುವ ವರ್ಷದ ಹುಣ್ಣು ಫಲವೆಂದು ಯಾರು ತಾನೆ ಊಹಿಸಿಯಾರು?

ಊಹಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ನಿಶ್ಚಯಪಡಿಸಿದವನು ಅಲೆಕ್ಸಿ ಫೆಡ್ಚೆಂಕೋ ಎಂಬ ರಷ್ಯಾ ದೇಶದ ತರುಣ. ಅವನು ಮಧ್ಯ ಏಷ್ಯದ ಸಮರ್ಕಂಡದ ಪ್ರಾಂತದಲ್ಲಿ ಸಂಚರಿಸುತ್ತಿದ್ದಾಗ, ಈ ಹುಳುವಿನ ಮರಿಗಳನ್ನು ನೀರಿನಲ್ಲಿ ಬಿಟ್ಟು, ಅವು ಸೈಕ್ಲಾಪ್ಸ್ ಎಂಬ ಜಲಕೀಟದ ಒಡಲನ್ನು ಹೊಗುವುದನ್ನು ಕಂಡನು. ಗ್ರೀಕರ ಪುರಾಣದ ಒಕ್ಕಣ್ಣ ರಾಕ್ಷಸನ ಹೆಸರನ್ನು ಹೊತ್ತ ಈ ಕೀಟ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಲ್ಲ. 1870ರಲ್ಲಿ ಪ್ರಕಟವಾದ ಈ ಶೋಧನೆಯ ಕರ್ತೃ ಮೂರು ವರ್ಷಗಳಲ್ಲಿ, ಮೂವತ್ತು ತುಂಬುವ ಮುನ್ನವೇ, ಆಲ್ಪ್ಸ್ ಪರ್ವತವನ್ನೇರುವಾಗ ಹಿಮದಲ್ಲಿ ಸಿಕ್ಕಿ ತೀರಿಕೊಂಡನು. ಅನಂತರ 1907ರ ಸುಮಾರಿಗೆ ರಾಬರ್ಟ್ ಲೀಪರ್ ಎಂಬ ವಿಜ್ಞಾನಿ, ರೋಗದ ಮರಿಗಳನ್ನು ಹೊತ್ತ ಸೈಕ್ಲಾಪ್ಸನ್ನು ಬಾಳೆಹಣ್ಣಿನಲ್ಲಿಟ್ಟು ಒಂದು ಕೋತಿಗೆ ತಿನ್ನಿಸಿ, ಕೆಲವು ತಿಂಗಳ ಮೇಲೆ ಅದರ ದೇಹದಲ್ಲಿ ಹುಳುವನ್ನು ಕಂಡು ಸಂಗತಿಯನ್ನು ದೃಢಪಡಿಸಿದನು. ಜಠರದ ಆಮ್ಲ ಸೈಕ್ಲಾಪ್ಸನ್ನು ಕೊಲ್ಲುತ್ತದೆ. ಒಳಗಿನ ಮರಿಗಳನ್ನು ಮಾತ್ರ ಬಿಡುಗಡೆಮಾಡುತ್ತದೆ.

ಈಗ ಈ ಸರಪಳಿಯನ್ನು ನಮ್ಮ ಊರಿನ ಬಾವಿಯೊಂದರ ಮೇಲೆ ಇಟ್ಟು ನೋಡೋಣ. ಬಯಲುಸೀಮೆಯ ಊರುಗಳಲ್ಲಿ ಮೆಟ್ಟಿಲ ಬಾವಿಗಳುಂಟು. ಕೆಲವು ಕಲ್ಯಾಣಿಗಳು, ಕೆಲವು ಬರಿಯ ಹೊಂಡಗಳು. ಕೆರೆಯನ್ನು ಕಟ್ಟಿಸು, ಬಾವಿಯನ್ನು ತೋಡಿಸು ಎಂಬುದು ನಮ್ಮ ಪೂರ್ವಿಕರಿಗೆ ಪರಮಪುಣ್ಯದ ಮಾತು. ಹಾಗೆ ಮಾಡಿಸಿದವರ ಹೆಸರುಗಳನ್ನು ಹೊತ್ತ ಶಿಲಾಶಾಸನಗಳು ನಾಡಿನಲ್ಲೆಲ್ಲ ನಿಂತಿವೆ. ಹಗ್ಗ ಬಿಂದಿಗೆಗಳಿಲ್ಲದ ದಾರಿಹೋಕನೂ ಇಳಿದು ಬೊಗಸೆಯಲ್ಲಿ ಕುಡಿಯಲಿ ಎಂದೇ ಮೆಟ್ಟಿಲು ಕಟ್ಟಿಸಿದರು. ಬೇಸಗೆ ಬಂತು, ನೀರು ತಳಕ್ಕಿಳಿಯಿತು. ನೀರಿಗೆ ಬಂದವರು ಕೊನೆಯ ಮೆಟ್ಟಿಲನ್ನೂ ದಾಟಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಬಿಂದಿಗೆ ತುಂಬುತ್ತಾರೆ. ಅವರಲ್ಲೊಬ್ಬರ ಹರಡಿನಲ್ಲಿ ಹುಣ್ಣಿದೆ. ಉರಿಗೆ ತಣ್ಣೀರು ಹಿತ. ತಣ್ಣೀರು ತಾಗಿದೊಡನೆ ಹುಳು ತನ್ನ ಮರಿಗಳನ್ನು ಲಕ್ಷಗಟ್ಟಲೆ ನೀರಿಗೆ ಬಿಡುತ್ತದೆ. ಹಾಲಿನ ಹನಿಯಂತೆ ಬಿಳುಪು ಹರಡುವುದನ್ನು ಕಣ್ಣಿನಿಂದಲೇ ಕಾಣಬಹುದು. ಸೈಕ್ಲಾಪ್ಸುಗಳು ಅವನ್ನು ನುಂಗುತ್ತವೆ. ಎರಡು ವಾರ ಕಳೆದರೆ ಬಾವಿಯ ನೀರು ಊರಿಗೆ ರೋಗವನ್ನು ಹಂಚುವುದಕ್ಕೆ ಸಿದ್ಧ. ಕುಡಿದವರ ಒಡಲಿನಲ್ಲಿ ಹುಳು ಬೆಳೆದು ಬಲಿಯುವುದಕ್ಕೆ ಸುಮಾರು ಒಂದು ವರ್ಷ. ಅಂದರೆ ಅದು ಹೊರಬರುವುದು ಸರಿಯಾಗಿ ಮರುಬೇಸಗೆಗೆ, ನೀರು ಮತ್ತೆ ತಳ ಸೇರಿದಾಗ. ಹುಳುವಿನ ಪಂಚಾಂಗವೂ ಬಾವಿಯ ಪಂಚಾಂಗವೂ ಹೀಗೆ ಕೂಡಿಬಂದದ್ದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಪುಣ್ಯಕ್ಕೆಂದು ಕಟ್ಟಿಸಿದ ಮೆಟ್ಟಿಲುಗಳೇ ರೋಗಕ್ಕೆ ದಾರಿಯಾದುವು. ಕಟ್ಟಿಸಿದವರಿಗೆ ಅದರ ಅರಿವು ಇರುವ ಸಂಭವವೇ ಇರಲಿಲ್ಲ. ಆ ಮೆಟ್ಟಿಲುಗಳನ್ನಿಳಿಯಲು ಎಲ್ಲ ಜಾತಿಯವರಿಗೂ ಅವಕಾಶವಿರಲಿಲ್ಲವೆಂಬುದನ್ನು ಮರೆಮಾಚುವ ಹಾಗಿಲ್ಲ. ದೂರವಿರಿಸಲ್ಪಟ್ಟವರು ಹಳ್ಳಕೊಳ್ಳಗಳ ಇನ್ನೂ ಕೆಟ್ಟ ನೀರನ್ನು ಕುಡಿದರು. ಕಟ್ಟುಪಾಡು ಮನುಷ್ಯರನ್ನು ತಡೆಯಿತು, ಹುಳುವನ್ನು ತಡೆಯಲಿಲ್ಲ.

ಇನ್ನು ಮೈಸೂರು ಸಂಸ್ಥಾನದ ವಿಚಾರ. ಈ ರೋಗದ ಚರಿತ್ರೆಯಲ್ಲಿ ನಮ್ಮ ಚಿತ್ರದುರ್ಗಕ್ಕೆ ಒಂದು ಸ್ಥಾನವುಂಟೆಂಬುದು ನಮ್ಮವರಿಗೇ ಅಷ್ಟಾಗಿ ತಿಳಿಯದು. 1930ರ ದಶಕದಲ್ಲಿ ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿಯವರು ಈ ಜಿಲ್ಲೆಯ ಹಳ್ಳಿಗಳಲ್ಲಿ ನಾರುಹುಣ್ಣಿನ ಹರಡುವಿಕೆಯನ್ನು ಪರಿಶೀಲಿಸಿದರು. ಸೈಕ್ಲಾಪ್ಸಿನ ಒಡಲಿನಲ್ಲಿ ಮರಿಗಳು ಬೆಳೆಯುವ ಕ್ರಮವನ್ನು ಹಂತಹಂತವಾಗಿ ನೋಡಿ ಬರೆದರು. ರಾಕ್‌ಫೆಲರ್ ಪ್ರತಿಷ್ಠಾನದ ವತಿಯಿಂದ ಮೈಸೂರಿನಲ್ಲಿ ಕೆಲಸಮಾಡುತ್ತಿದ್ದ ಡಬ್ಲ್ಯು. ಸಿ. ಸ್ವೀಟ್ ಅವರೊಡನೆ ಸೇರಿ 1936ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ ಇಂದಿಗೂ ಓದತಕ್ಕದ್ದು. ಬಾವಿಯ ನೀರಿಗೆ ಮದ್ದು ಹಾಕುವುದರ ಬದಲು, ಸೈಕ್ಲಾಪ್ಸನ್ನು ತಿಂದುಹಾಕುವ ಸಣ್ಣ ಮೀನುಗಳನ್ನು ಬಿಟ್ಟು ರೋಗವನ್ನು ಹತೋಟಿಗೆ ತರುವ ಉಪಾಯ ಅದರಲ್ಲಿದೆ. ಹಣ ಹೆಚ್ಚು ಬೇಡ. ಪರಊರಿನಿಂದ ಸಾಮಾನು ತರಬೇಕಾದುದಿಲ್ಲ. ನೀರಿನ ರುಚಿ ಕೆಡುವುದಿಲ್ಲ. ಹಳ್ಳಿಯವರ ಮನಸ್ಸನ್ನು ಬಲ್ಲವರು ಯೋಚಿಸಿದ ಉಪಾಯವಿದು ಎಂದು ನಮಗೆ ತೋರುತ್ತದೆ. ಇದೇ ಇಬ್ಬರು ನಾಯಿಗಳಿಗೂ ಈ ಹುಳುವನ್ನು ಪ್ರಯೋಗಪೂರ್ವಕವಾಗಿ ಅಂಟಿಸಬಹುದೆಂದು ತೋರಿಸಿ 1938ರಲ್ಲಿ ಬರೆದರು. ಆ ಸಂಗತಿಗೆ ಕೊನೆಯಲ್ಲಿ ಮರಳಿ ಬರುತ್ತೇವೆ.

ಸುಮಾರು ಇದೇ ಕಾಲಕ್ಕೆ ಮಧ್ಯ ಏಷ್ಯದ ಬುಖಾರಾ ನಗರದಲ್ಲಿ ಈ ರೋಗವನ್ನು ಪೂರ್ತಿಯಾಗಿ ತೊಲಗಿಸಿದ್ದರು. ಆ ಊರಿನಲ್ಲಿಯೂ ಮೆಟ್ಟಿಲು ಕಟ್ಟಿದ ಕೊಳಗಳು. ಜನರು ಕೈಕಾಲು ತೊಳೆದು, ಅದೇ ನೀರನ್ನು ಚರ್ಮದ ಚೀಲಗಳಲ್ಲಿ ಮನೆಮನೆಗೆ ಹೊರುತ್ತಿದ್ದರು. 1558ರಲ್ಲಿ ಅಲ್ಲಿಗೆ ಹೋಗಿದ್ದ ಆಂಥೊನಿ ಜೆಂಕಿನ್‌ಸನ್ ಎಂಬ ಇಂಗ್ಲಿಷ್ ವರ್ತಕನೇ ಅಲ್ಲಿಯ ನೀರಿಗೂ ಜನರ ಕಾಲಿನ ಹುಳುವಿಗೂ ಸಂಬಂಧ ಕಲ್ಪಿಸಿ ಬರೆದಿದ್ದನು. 1920ರ ದಶಕದಲ್ಲಿ ಲಿಯೊನಿಡ್ ಇಸಾಯೆವ್ ಎಂಬ ವೈದ್ಯನ ಮುಂದಾಳುತನದಲ್ಲಿ ಕೊಳಗಳನ್ನು ಬತ್ತಿಸಿ, ಕೊಳಾಯಿಯ ನೀರನ್ನು ತಂದು, ರೋಗಿಗಳನ್ನು ಹುಡುಕಿ ಪಟ್ಟಿಮಾಡಿ, ಮುಂದಿನ ದಶಕದ ಮೊದಲಲ್ಲೇ ಕೆಲಸವನ್ನು ಮುಗಿಸಿದರು. ಒಂದು ನಗರ, ಒಂದು ಆಡಳಿತ, ಅಪ್ಪಣೆಯ ಬಲ. ಚದರಿದ ಸಾವಿರಾರು ಹಳ್ಳಿಗಳ ದೇಶದಲ್ಲಿ ಆ ದಾರಿ ನಡೆಯುವಂತಿರಲಿಲ್ಲ.

ಹೀಗೆ 1940ರ ಹೊತ್ತಿಗೆ ತಿಳಿಯಬೇಕಾದುದೆಲ್ಲ ತಿಳಿದಿತ್ತು. ತಿಳಿದದ್ದು ಪತ್ರಿಕೆಗಳಲ್ಲಿತ್ತು, ಬಾವಿಯ ಮೆಟ್ಟಿಲ ಮೇಲೆ ಇರಲಿಲ್ಲ. ನಾವು ಪಟ್ಟಣಿಗರು ಇದಕ್ಕೆ ಹಳ್ಳಿಯವರ ಅಜ್ಞಾನವೇ ಕಾರಣವೆಂದು ಹೇಳಿ ಕೈ ತೊಳೆದುಕೊಳ್ಳುವುದುಂಟು. ಕೈ ತೊಳೆಯುವುದಕ್ಕೆ ನಮಗೆ ನಲ್ಲಿಯಿದೆಯೆಂಬುದನ್ನು ಮರೆಯುತ್ತೇವೆ. ನಲ್ಲಿಯ ನೀರು ಬಂದ ಊರನ್ನು ನಾರುಹುಣ್ಣು ಉಪದೇಶವಿಲ್ಲದೆಯೇ ಬಿಟ್ಟುಹೋಗುತ್ತಿತ್ತು. ಉಳಿದವರು ನಲ್ಲಿಯಿಲ್ಲದವರು, ವೋಟಿನ ಲೆಕ್ಕಕ್ಕೂ ಮರಣದ ಲೆಕ್ಕಕ್ಕೂ ಸಿಕ್ಕದವರು. ಅವರಿಗೆ ಉಪದೇಶವೂ ತಲುಪಲಿಲ್ಲ, ನೀರೂ ತಲುಪಲಿಲ್ಲ.

ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿತು. ಆ ಸಂದರ್ಭದಲ್ಲಿ, 1983–84ರಲ್ಲಿ, ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಾರುಹುಣ್ಣಿನ ನಿರ್ಮೂಲನದ ಕಾರ್ಯಕ್ರಮ ಆರಂಭವಾಯಿತು. ಮೊದಲು ಮಾಡಿದ್ದು ಎಣಿಕೆ. 1984ರಲ್ಲಿ ಸುಮಾರು 40,000 ರೋಗಿಗಳು ಸಿಕ್ಕಿದರು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡು ಎಂಬ ಏಳು ರಾಜ್ಯಗಳಲ್ಲಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ. ಆ ಮೇಲೆ ವರ್ಷಕ್ಕೆ ಹಲವು ಸಲ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಹುಳುವಿನ ಚಿತ್ರವನ್ನು ತೋರಿಸಿ, ಇಂತಹದು ಯಾರ ಕಾಲಿನಲ್ಲಾದರೂ ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ಸಿಕ್ಕಿದ ರೋಗಿಯ ಹುಣ್ಣಿಗೆ ಪಟ್ಟಿ ಕಟ್ಟಿ, ಹುಳು ಪೂರ್ತಿ ಹೊರಬರುವವರೆಗೆ ನೀರಿಗಿಳಿಯಬಾರದೆಂದು ತಿಳಿಯಹೇಳಿ, ಮತ್ತೆ ಮತ್ತೆ ಬಂದು ನೋಡುತ್ತಿದ್ದರು. ಬಾವಿಗಳಿಗೆ ಟೆಮಿಫಾಸ್ ಎಂಬ ಔಷಧವನ್ನು ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲಿನಂತೆ ಹಾಕಿ ಸೈಕ್ಲಾಪ್ಸನ್ನು ಕೊಲ್ಲುವುದೂ ಇತ್ತು. ಮೆಟ್ಟಿಲುಗಳನ್ನು ಮುಚ್ಚಿ ಸುತ್ತ ಕಟ್ಟೆಯೆಬ್ಬಿಸಿ, ರಾಟೆ ಹಗ್ಗಗಳಿಂದ ಸೇದುವ ಬಾವಿಯನ್ನಾಗಿ ಮಾರ್ಪಡಿಸುವುದೂ, ಕೊಳವೆ ಬಾವಿ ತೋಡಿ ಕೈಪಂಪು ನಿಲ್ಲಿಸುವುದೂ ಜೊತೆಜೊತೆಯಲ್ಲೇ ನಡೆಯಿತು.

ಹೇಳುವಾಗ ಸುಲಭ. ಮೆಟ್ಟಿಲ ಬಾವಿ ಹಲವು ಕಡೆ ದೇವರ ಬಾವಿ. ಮಳೆಗಾಗಿ ಪೂಜೆ ನಡೆಯುವುದು, ಗಂಗೆಯನ್ನು ಮನೆಗೆ ತರುವುದು ಅಲ್ಲಿಂದ. ಅದರ ಮೆಟ್ಟಿಲುಗಳನ್ನು ಮುಚ್ಚಿರೆಂದರೆ ಊರಿನ ಹಿರಿಯರು ಒಪ್ಪುವುದೆಂತು? ಕೊಳವೆ ಬಾವಿಯ ನೀರು ಗಡುಸು, ಅದರಲ್ಲಿ ಬೇಳೆ ಬೇಯುವುದಿಲ್ಲ ಎಂದು ಹಳೆಯ ಬಾವಿಗೇ ಮರಳುವ ಗೃಹಿಣಿಯರು ನಮ್ಮ ನಾಡಿನಲ್ಲಿ ಇಂದಿಗೂ ಇಲ್ಲದಿಲ್ಲ. ಅವರ ಮಾತಿನಲ್ಲಿ ಸತ್ಯಾಂಶವೂ ಉಂಟು. ಇದಕ್ಕೆಲ್ಲ ಉತ್ತರವಾಗಿ ಒದಗಿದ್ದು ಒಂದು ತುಂಡು ಬಟ್ಟೆ.

ಸೈಕ್ಲಾಪ್ಸ್ ಕಣ್ಣಿಗೆ ಕಾಣುವಷ್ಟು ದೊಡ್ಡದು. ಒತ್ತಾಗಿ ನೆಯ್ದ ಬಟ್ಟೆಯನ್ನು ಎರಡು ಪದರ ಮಡಿಸಿ ಬಿಂದಿಗೆಯ ಬಾಯಿಗೆ ಹಾಸಿ ನೀರು ಸುರಿದರೆ ಅದು ಮೇಲೆಯೇ ಉಳಿಯುತ್ತದೆ. ರೋಗವೂ ಅಲ್ಲಿಯೇ ಉಳಿಯಿತು. ಬಾವಿಯ ನೀರನ್ನೇ ಒಂದು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದು, ಬಿಳಿಯ ಚುಕ್ಕೆಗಳು ಚಿಮ್ಮಿ ಚಿಮ್ಮಿ ಓಡಾಡುವುದನ್ನು ತೋರಿಸುವುದು. ಬಳಿಕ ಸೋಸಿದ ನೀರನ್ನು ಇನ್ನೊಂದು ಲೋಟದಲ್ಲಿ ತೋರಿಸುವುದು. ಇಷ್ಟೇ ಪಾಠ. ಯಾವ ಉಪನ್ಯಾಸವೂ ಮಾಡಲಾರದ ಕೆಲಸವನ್ನು ಆ ಎರಡು ಲೋಟಗಳು ಮಾಡಬಲ್ಲುವು. ನೀರು ಸೋಸಿ ಕುಡಿಯುವುದು ನಮ್ಮ ದೇಶಕ್ಕೆ ಹೊಸತೇನೂ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕಣ್ಣಿಗೆ ಕಾಣದ ಪ್ರಾಣಿಗೂ ಹಿಂಸೆಯಾಗಬಾರದೆಂದು ಜೈನರು ತಲೆತಲಾಂತರದಿಂದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತ ಬಂದಿದ್ದಾರೆ. ಕೀಟದ ಪ್ರಾಣವನ್ನುಳಿಸುವುದಕ್ಕೆ ಹುಟ್ಟಿದ ಆಚಾರ ಮನುಷ್ಯರ ಕಾಲನ್ನುಳಿಸುವ ಉಪಾಯವೂ ಆಗಿತ್ತು. ಕಾರ್ಯಕ್ರಮದವರು ಹತ್ತಿಯ ಬಟ್ಟೆಗೆ ಬದಲಾಗಿ, ಬೇಗನೆ ಸೋಸುವ, ಬೇಗನೆ ಕೊಳೆಯದ ನೈಲಾನ್ ಬಟ್ಟೆಯನ್ನು ಹಂಚಿದರು. ಬಾವಿಯೂ ಹಳೆಯದೇ ಇರಲಿ, ಬೇಳೆಯೂ ಬೇಯಲಿ, ಸೋಸಿ ಕುಡಿಯಿರಿ ಎಂದರೆ ಜಗಳಕ್ಕೆ ಎಡೆಯಿಲ್ಲ.

ನೀರು ತರುವವರು, ಸೋಸುವವರು ಹೆಂಗಸರು. ಅವರ ಮನಸ್ಸು ತಿರುಗದೆ ಈ ಕೆಲಸ ಆಗುವಂತಿರಲಿಲ್ಲ. ರಾಜಸ್ಥಾನದ ದಕ್ಷಿಣ ಜಿಲ್ಲೆಗಳಲ್ಲಿ 1986ರಿಂದ ಯುನಿಸೆಫ್ ಸಂಸ್ಥೆಯ ನೆರವಿನಿಂದ ನಡೆದ ‘ಸ್ವಚ್’ ಯೋಜನೆಯಲ್ಲಿ ಹಳ್ಳಿಯ ಹೆಂಗಸರಿಗೇ ತಿಳಿವಳಿಕೆ ಹೇಳುವ ಕೆಲಸವನ್ನೂ, ಕೈಪಂಪನ್ನು ಬಿಚ್ಚಿ ಸರಿಪಡಿಸುವ ಕೆಲಸವನ್ನೂ ಕಲಿಸಿದರು. ಮುಸುಕು ಹಾಕಿಕೊಂಡ ಹೆಣ್ಣುಮಗಳು ಪಾನಾ ಹಿಡಿದು ಪಂಪಿನ ಕೊಳವೆಯನ್ನು ಎತ್ತುವ ನೋಟವನ್ನು ಶ್ರೋತೃಗಳು ಕಲ್ಪಿಸಿಕೊಳ್ಳಲಿ. ಕೆಟ್ಟ ಪಂಪನ್ನು ಸರಿಮಾಡಲು ಪಟ್ಟಣದಿಂದ ಮೇಸ್ತ್ರಿ ಬರುವವರೆಗೆ ಊರು ಮತ್ತೆ ಹಳೆಯ ಬಾವಿಗೆ ಇಳಿಯುತ್ತಿತ್ತಲ್ಲವೆ? ಆ ಎಡೆಯಲ್ಲೇ ಹುಳು ಮರಳಿ ಬರುತ್ತಿತ್ತು. ಈ ಏರ್ಪಾಡಿನ ಮರ್ಮ ಅದು.

ವರ್ಷದಿಂದ ವರ್ಷಕ್ಕೆ ಲೆಕ್ಕ ಇಳಿಯಿತು. ತಮಿಳುನಾಡು ಎಲ್ಲರಿಗಿಂತ ಮೊದಲು ಬಿಡುಗಡೆಹೊಂದಿತು. ಉಳಿದವು ಒಂದೊಂದಾಗಿ ಹಿಂಬಾಲಿಸಿದುವು. ರೋಗಿಗಳು ವಿರಳವಾದಂತೆ, ಸುದ್ದಿ ತಂದವರಿಗೆ ಬಹುಮಾನವನ್ನು ಸಾರಿದರು. ಕೊನೆಯ ರೋಗಿ 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕಿದನು. ಆಮೇಲೆ ಮೂರು ವರ್ಷಕ್ಕೂ ಮೀರಿ ಇಲ್ಲದ ರೋಗವನ್ನು ಹುಡುಕುವ ಕೆಲಸ ನಡೆದು, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಪ್ರಮಾಣೀಕರಿಸಿತು.

ಇಲ್ಲಿ ಒಂದು ಹೋಲಿಕೆಯನ್ನು ಹೇಳದೆ ಮುಂದುವರಿಯಲಾರೆವು. ಕೊಕ್ಕೆಹುಳುವಿಗೆ ಒಳ್ಳೆಯ ಮದ್ದುಂಟು. ರಾಕ್‌ಫೆಲರ್ ಅವರ ಹಣದಿಂದ 1909ರಲ್ಲಿ ಅಮೆರಿಕೆಯ ದಕ್ಷಿಣ ಪ್ರಾಂತಗಳಲ್ಲಿ ಅದರ ವಿರುದ್ಧ ಹೋರಾಟ ಆರಂಭವಾಗಿ, ಅನಂತರ ಅನೇಕ ದೇಶಗಳಿಗೆ ಹಬ್ಬಿತು. ನಮ್ಮಲ್ಲಿ 2015ರಿಂದ ನಿಗದಿಯಾದ ದಿನಗಳಂದು ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಗುಳಿಗೆಯನ್ನು ಕೊಡಲಾಗುತ್ತಿದೆ. ಆದರೂ ಕೊಕ್ಕೆಹುಳು ಹೋಗಿಲ್ಲ. ಮಲದಿಂದ ಕೆಟ್ಟ ಮಣ್ಣಿನಲ್ಲಿ ಅದರ ಮರಿಗಳು ಕಾದಿದ್ದು, ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಗುತ್ತವೆ. ಗುಳಿಗೆ ನುಂಗಿ ಹುಳುವನ್ನು ಹೊರದೂಡಿದ ಮಗು ಅದೇ ಮಣ್ಣಿನಲ್ಲಿ ಮತ್ತೆ ಕಾಲಿಡುತ್ತದೆ. ನ್ಯಾಯವಾಗಿ ಹೇಳುವುದಾದರೆ ಎರಡು ಹುಳುಗಳೂ ಒಂದೇ ಬಗೆಯ ವೈರಿಗಳಲ್ಲ. ಕುಡಿಯುವ ನೀರು ಬಿಂದಿಗೆಯ ಬಾಯಿಯಲ್ಲಿ ತಡೆಯಬಹುದಾದದ್ದು. ನೆಲವನ್ನು ಬಟ್ಟೆಯಲ್ಲಿ ಸೋಸಲಾಗದು. ಆದರೂ ಮದ್ದು ಕೈಯಲ್ಲಿದ್ದಾಗ ಮನುಷ್ಯನು ಶೌಚಗೃಹದ ಕಡೆಗೂ ಪಾದರಕ್ಷೆಯ ಕಡೆಗೂ ಅರೆಮನಸ್ಸಿನಿಂದ ನೋಡುತ್ತಾನೆಂಬ ಸಂದೇಹ ನಮಗುಂಟು. ನಾರುಹುಣ್ಣಿನಲ್ಲಿ ಆ ಅರೆಮನಸ್ಸಿಗೆ ಎಡೆಯಿರಲಿಲ್ಲ.

ಮಿಕ್ಕ ದೇಶಗಳ ಸಂಗತಿ ಇನ್ನೂ ಮುಗಿದಿಲ್ಲ. 1986ರಲ್ಲಿ ಪ್ರಪಂಚದಲ್ಲಿ ಸುಮಾರು 35 ಲಕ್ಷ ಜನರಿಗೆ ವರ್ಷಂಪ್ರತಿ ಈ ರೋಗ ಬರುತ್ತಿತ್ತೆಂದು ಅಂದಾಜು. ಅಮೆರಿಕೆಯ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರು ಸ್ಥಾಪಿಸಿದ ಸಂಸ್ಥೆ ಆ ವರ್ಷದಿಂದ ಇದರ ಬೆನ್ನು ಹತ್ತಿತು; 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಆ ವರ್ಷದ ಲೆಕ್ಕ ಇಡೀ ಪ್ರಪಂಚಕ್ಕೆ 15 ಮಂದಿ. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ 2012ರಿಂದ ಯಾರೂ ನಿರೀಕ್ಷಿಸದಿದ್ದ ತೊಡಕು ಕಾಣಿಸಿಕೊಂಡಿತು. ಹುಳು ನಾಯಿಗಳ ಕಾಲಿನಿಂದ ಹೊರಬರತೊಡಗಿತು. 2024ರಲ್ಲಿ ಸೋಂಕು ಕಂಡ ಪ್ರಾಣಿಗಳ ಸಂಖ್ಯೆ ಎಲ್ಲ ದೇಶಗಳೂ ಸೇರಿ ಆರುನೂರಕ್ಕೂ ಹೆಚ್ಚು. ನಾಯಿಗೆ ಈ ಹುಳು ಅಂಟಬಲ್ಲದೆಂದು ಮೂರ್ತಿ ಮತ್ತು ಸ್ವೀಟರು ಮೈಸೂರು ಸಂಸ್ಥಾನದಿಂದ ಬರೆದು ಆಗಲೇ ಎಪ್ಪತ್ತು ವರ್ಷಗಳ ಮೇಲಾಗಿತ್ತು. ಚಿತ್ರದುರ್ಗದ ಬಾವಿಗಳಲ್ಲಿ ನಮಗೆ ನೆರವಾಗಲೆಂದು ಬಿಟ್ಟ ಮೀನೇ ಚಾಡ್ ದೇಶದ ನದೀತೀರದಲ್ಲಿ ಸಂದೇಹಕ್ಕೆ ಗುರಿಯಾಗಿದೆ; ಬೆಸ್ತರು ಬಿಸುಟ ಮೀನಿನ ಕರುಳನ್ನು ತಿಂದು ನಾಯಿಗಳಿಗೆ ಸೋಂಕು ಬರಬಹುದೆಂದು ವಿದ್ವಾಂಸರು ಎಣಿಸುತ್ತಾರೆ. ಆದುದರಿಂದ ಅಲ್ಲಿಯ ಹಳ್ಳಿಗಳಲ್ಲಿ ಈಗ ಕಾರ್ಯಕರ್ತರು ಮನೆಮನೆಗೆ ಹೋಗಿ, ಮೀನಿನ ಕರುಳನ್ನು ಹೂಳಿರಿ, ಹುಣ್ಣಾದ ನಾಯಿಯನ್ನು ನೀರಿಗೆ ಬಿಡದೆ ಕಟ್ಟಿಹಾಕಿರಿ ಎಂದು ಹೇಳುತ್ತಿದ್ದಾರೆ; ಕಟ್ಟಿದ ನಾಯಿಯ ಒಡೆಯನಿಗೆ ಬಹುಮಾನವನ್ನೂ ಕೊಡುತ್ತಿದ್ದಾರೆ.